ಕೊನೆಯ ಹಾಳೆ ಇಲ್ಲದ ಭೂತ

ದಾವಣಗೆರೆಯಲ್ಲಿ ಮಂಡಕ್ಕಿ ತಿಂದ ಮೇಲೆ ಪೊಟ್ಟಣದ ಕಾಗದ ಓದುವ ಚಟ ನನಗೆ ಚಿಕ್ಕಂದಿನಿಂದ ಇದೆ. ಮಿರ್ಚಿಯ ಎಣ್ಣೆ ಹೀರಿದ ಹಾಳೆಯಲ್ಲಿ ಹಿಂದಿನ ಪುಟದ ಸಾಲೂ ಉಲ್ಟಾ ಕಾಣುತ್ತೆ. ಒಂದೇ ಹಾಳೆಗೆ ಎರಡು ಕಥೆ! ನಾನು ಬರೀ ಟೈಮ್‌ಪಾಸ್‌ಗೆ ಓದುತ್ತಿದ್ದೆ ಅಂದುಕೊಳ್ಳಬೇಡಿ. ಹುಡುಕುತ್ತಿದ್ದದ್ದು ಒಂದು ಭೂತವನ್ನು.

ರದ್ದಿ ಅಂಗಡಿಯಲ್ಲಿ ಒಂದು ಹಳೇ ಕಾಮಿಕ್ಸ್ ಸಿಕ್ಕಿತ್ತು. ಮೂರು ಜನ ಪತ್ತೇದಾರಿ ಹುಡುಗರು, ಒಂದು ಟಾರ್ಚು, ಒಂದು ಸರೋವರ. ರಾತ್ರಿಯಾದರೆ ನೀರಿನಿಂದ ಹಸಿರು ಭೂತ ಏಳುತ್ತೆ. ಕೈಗೆ ಬಾತುಕೋಳಿ ಪಾದ, ತಲೆ ಮೇಲೆ ಪಾಚಿ, ಸುತ್ತಲೂ ಗುಳ್ಳೆ, ಪ್ರತಿ ಗುಳ್ಳೆಗೂ 'ಬುಳ್ ಬುಳ್' ಅಂತ ಅಕ್ಷರ. ಕೊನೆಗೆ ಆ ಮೂವರಲ್ಲಿ ಒಬ್ಬಳು ಭೂತದ ಬೆನ್ನ ಮೇಲೆ ಜಿಪ್ ಕಂಡಳು. ಮುಖವಾಡಕ್ಕೆ ಕೈ ಹಾಕಿದಳು. ಪುಟ ತಿರುವಿದೆ. ಬರೀ ರಟ್ಟು. ಕೊನೆಯ ಹಾಳೆ ಯಾವ ಮಂಡಕ್ಕಿ ಅಂಗಡಿಗೆ ಹೋಗಿತ್ತೋ!

ಒಳಗಿದ್ದವನು ದೋಣಿಯವನೇ ಅಂತ ನಮ್ಮ ಚಿಕ್ಕಪ್ಪನ ಮಗ. ನನಗೆ ಹೋಟೆಲ್ ಮಾಲೀಕನ ಮೇಲೆ ಅನುಮಾನ. ಇಂಥ ಕಥೆಗಳಲ್ಲಿ ಒಂದು ಲೆಕ್ಕ ಇರುತ್ತೆ ಅಲ್ವಾ? ಜನ ನೀರಿನ ಹತ್ತಿರ ಬರಬಾರದು ಅಂತ ಯಾರಿಗಿದೆಯೋ, ಭೂತ ಅವರದೇ. ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರದಲ್ಲಿ ಮಾತ್ರ ಲೆಕ್ಕ ಉಲ್ಟಾ. ನೀರಿನಲ್ಲಿರುವ ದೈತ್ಯ ಪ್ರಾಣಿ ಇದೇ ಅಂತ 1934ರಲ್ಲಿ ಪೇಪರಿನಲ್ಲಿ ಬಂದ ಉದ್ದ ಕತ್ತಿನ ಫೋಟೋ ನೋಡಿ ಜನ ಸರೋವರಕ್ಕೆ ಮುಗಿಬಿದ್ದರು. ಅದು ಆಟಿಕೆ ಸಬ್‌ಮರೀನಿಗೆ ಅಂಟಿಸಿದ ಕತ್ತು ಅಂತ ಬಯಲಾಗಲು 60 ವರ್ಷ ಬೇಕಾಯಿತು.

ನಮ್ಮ ಮನೆಯಲ್ಲೂ ಒಂದು ನೀರಭೂತ ಇತ್ತು. ಅಜ್ಜಿಯದು. ಲಕ್ಕವಳ್ಳಿ ಡ್ಯಾಮಿನಿಂದ ಭದ್ರಾ ನಾಲೆಗೆ ನೀರು ಬಿಟ್ಟರೆ ಸಾಕು, "ಒಳಗ ಒಬ್ಬಾಕಿ ಇದಾಳ, ಕಾಲು ಹಿಡಿದು ಎಳೀತಾಳ" ಅನ್ನುತ್ತಿದ್ದಳು. ನಾಲೆಯ ನೀರು ಮೇಲೆ ಸುಮ್ನೆ ಹೋಗುವಂತೆ ಕಂಡರೂ ಒಳಗೆ ಸೆಳೆತ ಜಾಸ್ತಿ. ಪಕ್ಕದ ಇಳಿಜಾರು ಪಾಚಿ ಕಟ್ಟಿ ಜಾರುತ್ತೆ, ಇಳಿದವನಿಗೆ ಹಿಡಿದು ಹತ್ತೋಕೆ ಏನೂ ಸಿಗಲ್ಲ. ಇದನ್ನೆಲ್ಲ ಅಜ್ಜಿ ಯಾವತ್ತೂ ಹೇಳಲಿಲ್ಲ. ಹೇಳಿದ್ದರೆ ನಾವು ಕೇಳುತ್ತಲೂ ಇರಲಿಲ್ಲ.

ಬೇಸಿಗೆಯಲ್ಲಿ ನೀರು ನಿಲ್ಲಿಸಿದಾಗ ಇಬ್ಬರೂ ಟಾರ್ಚ್ ಹಿಡಿದು ನಾಲೆಗೆ ಇಳಿದೆವು. ಮಟಮಟ ಮಧ್ಯಾಹ್ನ, ಆದರೂ ಟಾರ್ಚ್ ಬೇಕೇ ಬೇಕು. ಒಂದು ಹವಾಯಿ ಚಪ್ಪಲಿ, ತೆಂಗಿನ ಚಿಪ್ಪು, ಒಣಗಿ ಬಿರುಕು ಬಿಟ್ಟ ಕೆಸರು. ಜಿಪ್ ಕೂಡ ಇಲ್ಲ.

ಅಜ್ಜಿಯ ಕಳ್ಳಾಟ ಸಿಕ್ಕಿಬಿತ್ತು ಅಂತ ಮನೆಗೆ ಓಡಿ ಬಂದು, "ಅಲ್ಲಿ ಯಾರೂ ಇಲ್ಲಜ್ಜಿ!" ಅಂದೆವು. ಅಜ್ಜಿ ಮೊರದಿಂದ ತಲೆ ಎತ್ತಲಿಲ್ಲ. ಅಕ್ಕಿಯಲ್ಲಿ ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟಳು.

"ನೀರು ನಿಂತ್ಮೇಲೆ ಆಕಿ ಇಲ್ಲ್ಯಾಕ ಇರ್ತಾಳ? ಲಕ್ಕವಳ್ಳಿ ಡ್ಯಾಮಿಗೆ ಹೋಗಿರ್ತಾಳ, ತೌರುಮನಿಗೆ."