ಸತ್ಯಾಂಶ: ಬ್ರಿಟನ್ ಸರ್ಕಾರ ಹಾಲಿಗೆ ರಾಸಾಯನಿಕ ಬೆರೆಸುತ್ತಿದೆಯೇ?

"ಯುಕೆಯಲ್ಲಿ ಸರ್ಕಾರವೇ ಹಾಲಿಗೆ ವಿಷ ಬೆರೆಸುತ್ತಿದೆ, ಹಿಂದೆ ಬಿಲ್ ಗೇಟ್ಸ್ ಇದ್ದಾರೆ." ಇಂಥ ಫಾರ್ವರ್ಡ್ ಅಲ್ಲಿನ ಕನ್ನಡಿಗರ ಫೋನಿಗೂ ಬಂದಿರಬಹುದು.

ಹಾಲಿಗೆ ಯಾರೂ ಏನೂ ಬೆರೆಸುತ್ತಿಲ್ಲ. 2024ರ ನವೆಂಬರ್‌ನಲ್ಲಿ ಆರ್ಲಾ ಎಂಬ ಡೈರಿ ಸಂಸ್ಥೆ ಸುಮಾರು 30 ಫಾರ್ಮ್‌ಗಳಲ್ಲಿ ಬೋವೇರ್ ಎಂಬ ಪುಡಿಯನ್ನು ಹಸುವಿನ ಮೇವಿನಲ್ಲಿ ಪ್ರಯೋಗಿಸುವುದಾಗಿ ಹೇಳಿತು. ಗಲಾಟೆ ಶುರುವಾಗಿದ್ದು ಅಲ್ಲಿಂದ. ಹಸು ತೇಗಿದಾಗ ಮೀಥೇನ್ ಹೊರಬರುತ್ತದೆ, ಅದು ಭೂಮಿಯನ್ನು ಬಿಸಿ ಮಾಡುವ ಅನಿಲ. ಹೊಟ್ಟೆಯೊಳಗೆ ಈ ಅನಿಲ ತಯಾರಾಗಲು ಬೇಕಾದ ಕಿಣ್ವವನ್ನು ಪುಡಿ ತಡೆಯುತ್ತದೆ. ದಿನಕ್ಕೆ ಒಂದು ಹಸುವಿಗೆ ಕಾಲು ಟೀ ಚಮಚದಷ್ಟು ಸಾಕು. ಅದು ಹಸುವಿನ ಹೊಟ್ಟೆಯಲ್ಲೇ ಒಡೆದುಹೋಗುತ್ತದೆ, ಹಾಲಿಗೆ ಇಳಿಯುವುದಿಲ್ಲ ಎಂದು ಬ್ರಿಟನ್‌ನ ಆಹಾರ ಗುಣಮಟ್ಟ ಸಂಸ್ಥೆ ಹೇಳಿದೆ.

ಬ್ರಿಟನ್ ಸರ್ಕಾರದಲ್ಲಿ ಪರಿಸರ, ಕೃಷಿ, ಮೀನುಗಾರಿಕೆ, ಹಳ್ಳಿಗಳ ವಿಷಯ ನೋಡಿಕೊಳ್ಳುವ ಇಲಾಖೆ ಡೆಫ್ರಾ. ಆದರೆ ಈ ಪುಡಿಯ ಸುರಕ್ಷತೆ ಪರೀಕ್ಷಿಸಿದ್ದು ಡೆಫ್ರಾ ಅಲ್ಲ, ಆಹಾರ ಗುಣಮಟ್ಟ ಸಂಸ್ಥೆ. ಎರಡೂ ಸರ್ಕಾರದವೇ, ಆದರೆ ಪುಡಿಯನ್ನು ಪ್ರಯೋಗಿಸಿದ್ದು ಆರ್ಲಾ!

ಫಾರ್ವರ್ಡ್ ಜೊತೆ ಓಡಾಡುವ, ಬೋವೇರ್ ಪ್ಯಾಕೆಟ್ ಮೇಲಿನ ಎಚ್ಚರಿಕೆಯ ಫೋಟೋ ಸುಳ್ಳಲ್ಲ. ಅದು ಸಾಂದ್ರ ಪುಡಿಯನ್ನು ಮೇವಿಗೆ ಬೆರೆಸುವ ಕೆಲಸಗಾರರಿಗೆ. ಚರ್ಮಕ್ಕೆ, ಕಣ್ಣಿಗೆ ತಾಗಬಾರದು, ಉಸಿರಲ್ಲಿ ಹೋಗಬಾರದು. ಗೇಟ್ಸ್ ಹಣ ಹಾಕಿದ್ದು ಬೋವೇರ್‌ಗಲ್ಲ, ರುಮಿನ್8 ಎಂಬ ಬೇರೆ ಕಂಪನಿಗೆ.

ಹಸುವಿಗೆ ಒಳ್ಳೆಯದೇ ಎಂಬುದು ಬೇರೆ ಪ್ರಶ್ನೆ. 2025ರಲ್ಲಿ ಡೆನ್ಮಾರ್ಕಿನ ಕೆಲವು ರೈತರು ಇದರಿಂದ ಹಸುಗಳಿಗೆ ಹುಷಾರಿಲ್ಲ ಎಂದು ದೂರಿದ್ದರು. ಅದನ್ನು ಸುಮ್ನೆ ತಳ್ಳಿಹಾಕುವಂತಿಲ್ಲ.