ಸತ್ಯಾಂಶ: ಟಿವಿ ಚರ್ಚೆಯ ವೀಕ್ಷಕರ ಮತ ‘ಜನರ ತೀರ್ಪು’ ಅಲ್ಲ

ವರ್ಷದ ರಾಜಕೀಯ, ಆರ್ಥಿಕತೆ ಕುರಿತ ಟಿವಿ ಚರ್ಚೆ ಮುಗಿಯುವಷ್ಟರಲ್ಲೇ ಸ್ಕ್ರೀನ್‌ಶಾಟ್ ಹರಿದಾಡತೊಡಗುತ್ತದೆ: ‘ಲಕ್ಷಾಂತರ ವೀಕ್ಷಕರ ಮತ, ಇದೇ ಜನರ ತೀರ್ಪು’. ಹಾಗಲ್ಲ. ಮತ ಹಾಕಿದವರು ಆ ಹೊತ್ತಿಗೆ ಆ ವಾಹಿನಿ ನೋಡುತ್ತಿದ್ದು, ಬಟನ್ ಒತ್ತುವಷ್ಟು ಸಿಟ್ಟೋ ಉತ್ಸಾಹವೋ ಇದ್ದವರು. ಉಳಿದವರು ಲೆಕ್ಕಕ್ಕೇ ಇಲ್ಲ.

ಸಂಖ್ಯೆ ದೊಡ್ಡದಿದ್ದರೆ ಸಾಲದೇ? ಸಾಲದು. 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಮುನ್ನ ಯಾರಿಗೆ ಮತ ಹಾಕುತ್ತೀರಿ ಎಂದು ಸಮೀಕ್ಷೆ ನಡೆಸಿದ ‘ಲಿಟರರಿ ಡೈಜೆಸ್ಟ್’ ಪತ್ರಿಕೆಗೆ 20 ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದವು. ರಿಪಬ್ಲಿಕನ್ ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆಂದು ಅದು ಬರೆಯಿತು. ಅವರ ಎದುರಾಳಿ ರೂಸ್‌ವೆಲ್ಟ್ ಆಗಿದ್ದ 48 ರಾಜ್ಯಗಳಲ್ಲಿ 46 ಗೆದ್ದರು! ಪತ್ರಿಕೆ ಹೆಚ್ಚಾಗಿ ಕಾರು, ಟೆಲಿಫೋನ್ ಇದ್ದವರ ಪಟ್ಟಿ ಹಿಡಿದು ಕೇಳಿತ್ತು. ಅವರಲ್ಲೂ ಉತ್ತರಿಸುವ ಗೋಜಿಗೆ ಹೋಗದವರೇ ಹೆಚ್ಚು. ಅದೇ ಚುನಾವಣೆಯಲ್ಲಿ ಜನಮತ ಸಮೀಕ್ಷಕ ಜಾರ್ಜ್ ಗ್ಯಾಲಪ್ ತೀರಾ ಕಡಿಮೆ ಜನರನ್ನು, ಆದರೆ ಬೇರೆಬೇರೆ ವರ್ಗಗಳಿಂದ ಆರಿಸಿ ಕೇಳಿ, ಗೆಲ್ಲುವವರನ್ನು ಸರಿಯಾಗಿ ಹೇಳಿದ್ದರು.