ಹೊರಗೆ ನಿಲ್ಲಿಸಿದರೆ ಅಂಜಿಕೆ ಹೋಗುತ್ತಾ?

ಮೊನ್ನೆ ಪ್ರತಿಭಾ ಕಾರಂಜಿಗೆ ತೀರ್ಪುಗಾರಳಾಗಿ ಮುಧೋಳ ಕಡೆಯ ಒಂದು ಶಾಲೆಗೆ ಹೋಗಿದ್ದೆ. ಊರ ಹೆಸರು ಬೇಡ, ಘಟಪ್ರಭಾ ದಂಡೆಯ ಊರು ಅಂದರೆ ಸಾಕು. ಅಲ್ಲಿ ನೋಡಿದ್ದು ಇನ್ನೂ ತಲೆಯಿಂದ ಹೋಗಿಲ್ಲ, ಸಿಟ್ಟೂ ಇಳಿದಿಲ್ಲ.

ಮಧ್ಯಾಹ್ನ ಜೋರು ಮಳೆ ಹಿಡಿಯಿತು. ವರಾಂಡದ ತಗಡಿನ ಮೇಲೆ ಮಾತೇ ಕೇಳಿಸದಷ್ಟು ಸದ್ದು. ಕಂಠಪಾಠಕ್ಕೆ ನಿಂತಿದ್ದ ಹುಡುಗ ನಡುವೆಯೇ ನಿಲ್ಲಿಸಿಬಿಟ್ಟ. ಕಿಟಕಿ ಕಡೆ ನೋಡುತ್ತಾ ಅಂಗಿಯ ಕೆಳಗಿನ ಗುಂಡಿ ತಿರುವತೊಡಗಿದ. "ಸರ್, ಮನೀಗಿ ಹೋಗ್ತೀನ್ರಿ" ಅಂದ. ಮತ್ತೆ ಅದೇ, ಮತ್ತೆ ಅದೇ. "ಮಳಿ ಬಂದ್ರ ಸಾಕ್ರೀ ಮೇಡಂ, ಇವಂದು ಇದ ನಾಟಕ" ಅಂತ ನನಗೆ ಹೇಳಿ, ಅವರ ಸರ್ ಅವನ ರಟ್ಟೆ ಹಿಡಿದು ಹೊರಗೆ ನಿಲ್ಲಿಸಿದರು. ಅದೇ ತಗಡಿನ ಕೆಳಗೆ!

ನಾನು ಎದ್ದು ಹೋಗಿ ಅವನ ಪಕ್ಕ ನಿಂತೆ. ಬಿಸಿಯೂಟದ ಅಡುಗೆಯಕ್ಕ ಆಮೇಲೆ ಹೇಳಿದಳು. 2019ರ ಆಗಸ್ಟ್‌ನಲ್ಲಿ ಹೊಳೆ ಬಂದಾಗ ಅವನ ಮನೆಯವರು ರಾತ್ರೋರಾತ್ರಿ ಉಟ್ಟ ಬಟ್ಟೆಯಲ್ಲೇ ಹೊರಬಿದ್ದವರು. ಗೋಡೆ ಬಿತ್ತು, ಕಟ್ಟಿದ್ದ ಎಮ್ಮೆ ಹೋಯಿತು. ಇವನಾಗ ಅಂಗನವಾಡಿ ಕೂಸು. ಕಾಳಜಿ ಕೇಂದ್ರ ಮಾಡಿದ್ದು ಇದೇ ಶಾಲೆಯಲ್ಲಿ. ಅವರು ಮಲಗಿದ್ದು ಇದೇ ಖೋಲಿಯಲ್ಲಿ. ಆ ಮಗುವಿಗೆ ಮಳೆ ಅಂದರೆ ಏನು, ಆ ಖೋಲಿ ಅಂದರೆ ಏನು ಅಂತ ಯಾರಾದರೂ ಕೇಳಿದ್ದೀರಾ? ಹೊರಗೆ ನಿಲ್ಲಿಸಿದರೆ ಅಂಜಿಕೆ ಹೋಗುತ್ತಾ?

ಇಂಥ ಮಕ್ಕಳು ನಮ್ಮ ಕಡೆ ಒಬ್ಬಿಬ್ಬರಲ್ಲ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಆ ವರ್ಷ ಒಟ್ಟಿಗೇ ಉಕ್ಕಿದ್ದವು. 2021ರಲ್ಲಿ ಮತ್ತೆ ನೀರು ಬಂತು. ಘಟಪ್ರಭೆಗೆ ಕಟ್ಟಿದ ಹಿಡಕಲ್ ಡ್ಯಾಂ ತುಂಬಿತು ಅನ್ನುವ ಸುದ್ದಿ ಬಂದರೆ ಈಗಲೂ ಗೋಕಾಕದಿಂದ ಈಚೆಗೆ ಹೊಳೆ ದಂಡೆಯವರಿಗೆ ನಿದ್ದೆ ಇರುವುದಿಲ್ಲ. ಅತ್ತ ವಿಜಯಪುರದ ತಾಂಡಾಗಳಿಗೆ ಹೋಗಿ ನೋಡಿ. ಕಬ್ಬು ಕಡಿಯಲು ಅಪ್ಪ ಅವ್ವ ತಿಂಗಳುಗಟ್ಟಲೆ ಊರು ಬಿಡುತ್ತಾರೆ, ಮಕ್ಕಳು ಅಜ್ಜಿ ಹತ್ತಿರ. ಹಾಜರಿ ಪುಸ್ತಕದಲ್ಲಿ ಅವರು 'ಗೈರು', ಕ್ಲಾಸಿನಲ್ಲಿ 'ಮೊಂಡರು'. ಕುಡಿತ, ಹೊಡೆತ, ಮನೆಯಲ್ಲಿ ಸಾವು, ಇವಂತೂ ಪ್ರತಿ ಊರಲ್ಲೂ ಇವೆ.

ಹೆದರಿದ ಮೆದುಳು ಕಲಿಯುವುದಿಲ್ಲ. ಅಮಿಗ್ಡಾಲ ಅನ್ನುವ ಪುಟ್ಟ ಭಾಗ ಅಪಾಯದ ಗಂಟೆ ಬಾರಿಸಿತು ಅಂದರೆ, ಯೋಚನೆ ಮಾಡುವ ಮುಂಭಾಗ ಹಿಂದೆ ಬೀಳುತ್ತದೆ. ಮಗು ಹೊಡೆದಾಟಕ್ಕೆ ನಿಲ್ಲುತ್ತದೆ, ಓಡಿಹೋಗುತ್ತದೆ, ಇಲ್ಲವೇ ಕಲ್ಲಿನ ಹಾಗೆ ಕೂತುಬಿಡುತ್ತದೆ. ನಾವು ಮೊದಲನೆಯವನಿಗೆ ಪುಂಡ, ಎರಡನೆಯವನಿಗೆ ಕಳ್ಳಬಿದ್ದವ, ಮೂರನೆಯವನಿಗೆ ದಡ್ಡ ಅನ್ನುತ್ತೇವೆ. ಮೂವರಿಗೂ ಒಂದೇ ಔಷಧ, ಹೊರಗೆ ನಿಲ್ಲಿಸುವುದು. ಹತ್ತಿರ ಒಬ್ಬ ದೊಡ್ಡವರು ಬೇಕು ಅನ್ನುವ ಹೊತ್ತಿಗೇ ಆ ಮಗುವನ್ನು ಒಂಟಿ ಮಾಡುವುದು!

ಇದನ್ನು ಹೇಳಿದರೆ ಸ್ಟಾಫ್ ರೂಮಿನಲ್ಲಿ ಬರುವ ಉತ್ತರ ಗೊತ್ತಲ್ವಾ? "ನಮಗೂ ಹೊಡದ ಕಲ್ಸ್ಯಾರ. ನಾವೇನ್ ಹಾಳಾಗೇವಿ?" ನೀವು ಹಾಳಾಗಲಿಲ್ಲ, ಸರಿ. ನಿಮ್ಮ ಜೊತೆ ಕೂತು ನಡುವೆಯೇ ಶಾಲೆ ಬಿಟ್ಟವರು ಎಲ್ಲಿದ್ದಾರೆ? 1998ರಲ್ಲೇ ಅಮೆರಿಕದ ವಿನ್ಸೆಂಟ್ ಫೆಲಿಟ್ಟಿ, ರಾಬರ್ಟ್ ಆಂಡಾ ಅನ್ನುವ ವೈದ್ಯರು 9,500ಕ್ಕೂ ಹೆಚ್ಚು ವಯಸ್ಕರ ಬಾಲ್ಯ ಕೇಳಿ ಬರೆದಿದ್ದಾರೆ. ಚಿಕ್ಕಂದಿನಲ್ಲಿ ಹೊಡೆತ, ಮನೆಯವರ ಕುಡಿತ, ಇಂಥ ಹೆಚ್ಚು ಬಗೆಯ ನೋವು ಕಂಡವರಲ್ಲಿ ಮುಂದೆ ಕುಡಿತ, ಖಿನ್ನತೆ, ಹೃದಯದ ಕಾಯಿಲೆ ಎಲ್ಲವೂ ಜಾಸ್ತಿ. ಇನ್ನು ಕಾನೂನು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಎಲ್ಲರೆದುರು ರಟ್ಟೆ ಹಿಡಿದು ಎಳೆದೊಯ್ಯುವುದು ಮತ್ತೇನು?

ಒಂದು ಮಾತು ಒಪ್ಪುತ್ತೇನೆ. ಇಬ್ಬರೇ ಟೀಚರ್, ಐದು ತರಗತಿ, ಮೇಲೆ ಮೊಟ್ಟೆ ಲೆಕ್ಕ, ಆನ್‌ಲೈನ್ ಎಂಟ್ರಿ. ನಾನೂ ಅದರಲ್ಲೇ ಇದ್ದೇನೆ. ಆದರೆ ಮಗುವನ್ನು ಹೊರಗೆ ಎಳೆದೊಯ್ಯಲು ಟೈಮ್ ಇದೆ, ಬಾಗಿಲ ಹತ್ತಿರ ಕೂರಿಸಲು ಇಲ್ಲವಾ?

ಇದನ್ನು ನಾನು ಇಲ್ಲಿ ಯಾವತ್ತೂ ಬರೆದಿಲ್ಲ. ನಮ್ಮಪ್ಪ ಕುಡಿದು ಬಂದ ರಾತ್ರಿಯ ಮರುದಿನ ನನಗೆ ಮಗ್ಗಿ ಬಾಯಿಗೆ ಬರುತ್ತಿರಲಿಲ್ಲ. ಗಣಿತದ ಮಾಸ್ತರು ಹೊರಗೆ ನಿಲ್ಲಿಸುತ್ತಿದ್ದರು. ಕನ್ನಡದ ಅಕ್ಕೋರು ಮುಖ ನೋಡಿದರೆ ಸಾಕು, ಏನೂ ಕೇಳದೆ, "ಆಫೀಸಿಗಿ ಹೋಗಿ ಹಾಜರಿ ಪುಸ್ತಕ ತಗೊಂಬಾ" ಅನ್ನುತ್ತಿದ್ದರು. ಹೋಗಿ ಬರುವಷ್ಟರಲ್ಲಿ ಉಸಿರು ಸರಿಯಾಗುತ್ತಿತ್ತು. ನಾನು ಟೀಚರ್ ಆಗಿದ್ದು ಅವರಿಂದ.

ಅವರಿಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ. ಈಗ ನಮಗೆ ಒಬ್ಬರಿಗೊಬ್ಬರು ಕಲಿಸುವ ದಾರಿಯಾದರೂ ಇದೆ. ಇಂಥ ಮಕ್ಕಳ ಬಗ್ಗೆ ಮಾತಾಡಲು ಗೆಳತಿಯರು ಸೇರಿ ಮಾಡಿಕೊಂಡ ಒಂದು ವಾಟ್ಸಾಪ್ ಗುಂಪಿದೆ. ಸುತ್ತೋಲೆ, ಶುಭೋದಯ ಎರಡೂ ಅಲ್ಲಿಲ್ಲ. ಇಂಡಿ ಕಡೆಯ ಗೆಳತಿಯೊಬ್ಬಳು ಬರೆದಿದ್ದಳು. ಅವ್ವ ಕಬ್ಬಿಗೆ ಹೋದ ಮೇಲೆ ಒಬ್ಬ ಹುಡುಗಿ ಮಾತೇ ನಿಲ್ಲಿಸಿದ್ದಳಂತೆ. ಓದು ಅಂತ ಒತ್ತಾಯ ಮಾಡದೆ ದಿನಾ ಬೆಳಿಗ್ಗೆ ಬೋರ್ಡಿನ ಮೇಲೆ ತಾರೀಖು ಬರೆಯುವ ಕೆಲಸ ಕೊಟ್ಟಳು. ಸುಮ್ನೆ ಬರೆಯುತ್ತಿದ್ದ ಹುಡುಗಿ ಒಂದು ದಿನ "ಇವತ್ತ ಅವ್ವ ಫೋನ್ ಮಾಡಿದ್ಳ್ರಿ" ಅಂದಳಂತೆ. ಇನ್ನೊಬ್ಬರು ಕ್ಲಾಸಿನ ಗದ್ದಲ ನಿಲ್ಲಿಸಲು ಡಸ್ಟರ್ ಕುಟ್ಟುವುದನ್ನೇ ಬಿಟ್ಟು ಚಪ್ಪಾಳೆ ಶುರು ಮಾಡಿದ್ದಾರೆ. ಯಾವುದಕ್ಕೂ ಒಂದು ರೂಪಾಯಿ ಖರ್ಚಿಲ್ಲ.

ಟೀಚರ್ ಕೈ ಮೀರಿದ್ದೂ ಇರುತ್ತದೆ, ಆಗ ಗುಂಪಿನಲ್ಲಿ ಚರ್ಚೆ ಮಾಡುತ್ತಾ ಕೂರಬಾರದು. ಮಗುವಿಗೆ ಅಪಾಯ ಅನಿಸಿದರೆ ಮಕ್ಕಳ ಸಹಾಯವಾಣಿ, 1098. ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್, 14416. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಆ ಸರ್‌ಗೆ ನಿನ್ನೆ ಫೋನ್ ಮಾಡಿ ಮಾತಾಡಿದೆ. ಕೆಟ್ಟವರಲ್ಲ, ಹುಡುಗನ ಮನೆ ಬಿದ್ದ ಕತೆ ಅವರಿಗೆ ಗೊತ್ತೇ ಇರಲಿಲ್ಲ. "ನೋಡೋಣ್ರಿ" ಅಂದರು. ನನಗೆ ಅಷ್ಟು ಸಾಲದು. ಮುಂದಿನ ವಾರ ಮತ್ತೆ ಹೋಗುತ್ತೇನೆ.

ಜಮಖಂಡಿ, ರಾಮದುರ್ಗ, ಸಿಂದಗಿ ಕಡೆಯ ಟೀಚರ್‌ಗಳು ಗುಂಪಿಗೆ ಬರುವುದಾದರೆ ಇನ್‌ಬಾಕ್ಸ್‌ಗೆ ಬರೆಯಿರಿ. ಮಗುವಿನ ಹೆಸರು, ಫೋಟೋ, ಊರು ಯಾವುದನ್ನೂ ಹಾಕುವಂತಿಲ್ಲ. ಹಾಕಿದವರನ್ನು ಅವತ್ತೇ ತೆಗೆಯುತ್ತೇವೆ.